ಒರಗಿ ತುಳಿಯುವ ಸೈಕಲ್: ಎರಡು ಗಾಲಿಯೋ, ಮೂರೋ?

ಪ್ರಶ್ನೆ: ಹುಬ್ಬಳ್ಳಿ–ಧಾರವಾಡ ನಡುವೆ ಓಡಾಡಲು ಯಾವ ಬಗೆಯ ರಿಕಂಬೆಂಟ್ ಸೈಕಲ್ ಹೊಂದೀತು? ಒಮ್ಮೆ ಓಡಿಸಿದಾಗ ಮೊಣಕಾಲು ನೋಯಿತು, ಯಾಕೆ?
— ಓದುಗರು, ನವನಗರ

ಉತ್ತರ: ನೋವಿನ ಮಾತು ಮೊದಲು. ಪೆಡಲ್ ಹೊತ್ತ ಮುಂದಿನ ಕೊಳವೆ ನಿಮ್ಮ ಕಾಲಳತೆಗೆ ಹೊಂದಿರಲಿಕ್ಕಿಲ್ಲ. ಸೀಟಿಗೆ ಬೆನ್ನೊತ್ತಿ ಕೂತು, ಹಿಮ್ಮಡಿಯಿಂದ ಪೆಡಲನ್ನು ಅತಿ ದೂರಕ್ಕೆ ಒಯ್ಯಿರಿ; ಆಗ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ, ಅದೇ ಸರಿ. ಕೊಳವೆ 2 ಸೆಂ.ಮೀ. ಮುಂದೆ ಸರಿದರೆ ಚೈನ್ ಸುಮಾರು 4 ಸೆಂ.ಮೀ. ಹೆಚ್ಚು ಬೇಕು. ಏರಿನಲ್ಲಿ ಎದ್ದು ನಿಂತು ತುಳಿಯಲಾಗದು. ಭಾರದ ಗೇರಿನಲ್ಲಿ ಒದ್ದಾಡಿದರೂ ಮೊಣಕಾಲೇ ಸೋಲುವುದು. ಮೊದಲೇ ಹಗುರ ಗೇರಿಗೆ ಇಳಿಸಿ.

ಇನ್ನು ಬಗೆ. ಪೆಡಲ್ ಮುಂಗಾಲಿಯ ಹಿಂದಿರುವ ಉದ್ದ ಸೈಕಲ್ ಕಲಿಯಲು ಸುಲಭ, ಓಣಿಯಲ್ಲಿ ತಿರುಗಿಸುವುದು ಕಷ್ಟ. ಪೆಡಲ್ ಮುಂಗಾಲಿಗಿಂತ ಮುಂದಿರುವ ಗಿಡ್ಡ ಸೈಕಲ್ ಚುರುಕು. ನಿಧಾನದ ತಿರುವಿನಲ್ಲಿ ಹಿಮ್ಮಡಿ ಟೈರಿಗೆ ತಾಗೀತು. ಮುಂದೆರಡು, ಹಿಂದೊಂದು ಗಾಲಿಯ ಟ್ರೈಕ್ (ಮೂರು ಗಾಲಿಯ ಸೈಕಲ್) ಸಿಗ್ನಲ್‌ನಲ್ಲಿ ಕಾಲೂರದೆ ನಿಲ್ಲುತ್ತದೆ, ಆದರೆ ಮೂರು ಜಾಡು ಬೀಳುವುದರಿಂದ ತಗ್ಗು ತಪ್ಪಿಸುವುದು ಕಷ್ಟ. ತಗ್ಗಾಗಿ ಕೂತವರು ಬಸ್ಸಿನವರಿಗೆ ಕಾಣುವುದೂ ಇಲ್ಲ. ಎತ್ತರದ ಕೋಲಿಗೆ ಬಾವುಟ ಬೇಕೇ ಬೇಕು. ಹಿಂದೆರಡು ಗಾಲಿಯ ಟ್ರೈಕ್ ವೇಗದ ತಿರುವಿನಲ್ಲಿ ಮಗುಚಬಹುದು.

ನಿಮ್ಮ ದಾರಿಗೆ ಎತ್ತರದ ಸೀಟಿನ ಗಿಡ್ಡ ಸೈಕಲ್ಲೇ ಮೇಲು. ಮಳೆಗಾಲದಲ್ಲಿ ಎರಿಮಣ್ಣಿನ ಹೊಲದ ದಾರಿ ಹಿಡಿಯುವವರು ಮಡ್‌ಗಾರ್ಡ್ ಬಿಚ್ಚಿಡಿ; ಇಲ್ಲವಾದರೆ ಅಂಟುಮಣ್ಣು ಅದರೊಳಗೆ ತುಂಬಿ ಗಾಲಿ ಸಿಕ್ಕಿಕೊಳ್ಳುತ್ತದೆ.