ತಂತ್ರಜ್ಞಾನ ಪ್ರಶ್ನೋತ್ತರ: ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ್ದು ಫೋನಿನಲ್ಲೂ ಮಾಯ!

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದೆ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ) ಫೋಲ್ಡರಿನಲ್ಲಿದ್ದ ಹಳೆಯ ಫೈಲುಗಳನ್ನು ಅಳಿಸಿದೆ. ಹೇಗೂ ಕ್ಲೌಡ್‌ನಲ್ಲಿ ಇರುತ್ತವಲ್ಲ ಎಂದುಕೊಂಡಿದ್ದೆ. ಈಗ ನೋಡಿದರೆ ಫೋನಿನಲ್ಲೂ ಇಲ್ಲ, ವೆಬ್‌ಸೈಟಿನಲ್ಲೂ ಇಲ್ಲ. ಮತ್ತೆ ಸಿಗುತ್ತವೆಯೇ?

ಉತ್ತರ: ಅಳಿಸಿ 30 ದಿನ ಆಗಿರದಿದ್ದರೆ ಸಾಮಾನ್ಯವಾಗಿ ಸಿಗುತ್ತವೆ. ಮೊದಲು ಆ ಕೆಲಸ ಮುಗಿಸಿಕೊಳ್ಳಿ, ಕಾರಣ ಆಮೇಲೆ ಓದಿ. ಬ್ರೌಸರಿನಲ್ಲಿ ಒನ್‌ಡ್ರೈವ್‌ಗೆ ಲಾಗಿನ್ ಆಗಿ ‘ರಿಸೈಕಲ್ ಬಿನ್’ ತೆರೆಯಿರಿ. ಬೇಕಾದ ಫೈಲುಗಳನ್ನು ಆರಿಸಿ ‘ರಿಸ್ಟೋರ್’ ಒತ್ತಿದರೆ ಮೊದಲಿದ್ದ ಫೋಲ್ಡರಿಗೇ ಮರಳುತ್ತವೆ. ಲ್ಯಾಪ್‌ಟಾಪಿನ ರಿಸೈಕಲ್ ಬಿನ್ ನೋಡಿ ಕೈಚೆಲ್ಲಬೇಡಿ. ಕ್ಲೌಡ್‌ನಲ್ಲಷ್ಟೇ ಇದ್ದ ಫೈಲುಗಳು ಅಲ್ಲಿಗೆ ಬರುವುದೇ ಇಲ್ಲ. 30 ದಿನದ ಗಡುವು ವೈಯಕ್ತಿಕ ಖಾತೆಗಳಿಗೆ. ಬಿನ್ ತೀರಾ ತುಂಬಿದ್ದರೆ ಹಳೆಯವು ಅದಕ್ಕೂ ಮೊದಲೇ ಹೋಗಬಹುದು, ಹಾಗಾಗಿ ತಡ ಮಾಡಬೇಡಿ. ಗೂಗಲ್ ಡ್ರೈವ್‌ನ ‘ಟ್ರ್ಯಾಶ್’ನಲ್ಲೂ ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲೂ ಗಡುವು ಇಷ್ಟೇ.

ಇನ್ನು ಕಾರಣ. ಒನ್‌ಡ್ರೈವ್‌ನಂತೆ ಸಿಂಕ್ ಮಾಡುವ ತಂತ್ರಾಂಶದ ಕೆಲಸ ಎಲ್ಲ ಸಾಧನಗಳನ್ನೂ ಒಂದೇ ಸ್ಥಿತಿಯಲ್ಲಿಡುವುದು. ಹೊಸ ಫೈಲ್ ಸೇರಿಸಿದರೂ, ಇದ್ದದ್ದನ್ನು ತಿದ್ದಿದರೂ, ಹೆಸರು ಬದಲಿಸಿದರೂ, ಅಳಿಸಿದರೂ ಅದರ ಪಾಲಿಗೆ ಎಲ್ಲವೂ ‘ಬದಲಾವಣೆ’ಯೇ; ಎಲ್ಲವನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆಗೂ ಒಯ್ಯುತ್ತದೆ. ಅಳಿಸಿದ್ದು ಜಾಗಕ್ಕಾಗಿಯೋ ಫೈಲೇ ಬೇಡವೆಂದೋ ಎಂದು ಅದಕ್ಕೆ ತಿಳಿಯುವ ದಾರಿಯಿಲ್ಲ.

ಜಾಗ ಮಾತ್ರ ಬೇಕಿದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಫ್ರೀ ಅಪ್ ಸ್ಪೇಸ್’ ಆರಿಸಬೇಕು. ಹೆಸರು ಅಲ್ಲೇ ಕಾಣುತ್ತಿರುತ್ತದೆ, ಒಳಗಿನ ಮಾಹಿತಿ ಮಾತ್ರ ಕ್ಲೌಡ್‌ನಲ್ಲಿ ಉಳಿಯುತ್ತದೆ. ವಿಂಡೋಸ್‌ನಲ್ಲಿ ಫೈಲಿನ ಪಕ್ಕದ ಚಿಹ್ನೆ ಗಮನಿಸುವ ಅಭ್ಯಾಸ ಮಾಡಿಕೊಳ್ಳಿ. ನೀಲಿ ಮೋಡ ಇದ್ದರೆ ಫೈಲ್ ಆನ್‌ಲೈನ್‌ನಲ್ಲಿ ಮಾತ್ರ ಇದೆ, ನೆಟ್ ಇಲ್ಲದೆ ತೆರೆಯದು. ಬಿಳಿ ವೃತ್ತದಲ್ಲಿ ಹಸಿರು ಟಿಕ್ ಇದ್ದರೆ ಸದ್ಯಕ್ಕೆ ಲ್ಯಾಪ್‌ಟಾಪ್‌ನಲ್ಲೂ ಇದೆ. ಪೂರ್ತಿ ಹಸಿರು ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಎಂದು ನೀವೇ ಹೇಳಿದ್ದೀರಿ. ಪ್ರಯಾಣಕ್ಕೆ ಮುಂಚೆ ಬೇಕಾದ ಫೋಲ್ಡರನ್ನು ಈ ಮೂರನೆಯ ಸ್ಥಿತಿಗೆ ತಂದಿಟ್ಟುಕೊಳ್ಳುವುದು ಜಾಣತನ.

ಒಂದು ಎಚ್ಚರಿಕೆ. ವಿಂಡೋಸ್ ಸೆಟಪ್ ಮಾಡುವಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳೂ ಒನ್‌ಡ್ರೈವ್‌ನೊಳಗೆ ಸೇರಿಬಿಟ್ಟಿರಬಹುದು. ಆ ಪರದೆಯಲ್ಲಿ ‘ನೆಕ್ಸ್ಟ್’ ಒತ್ತುತ್ತಾ ಹೋದವರಿಗೆ ಇದು ಗೊತ್ತೇ ಆಗಿರುವುದಿಲ್ಲ! ಒನ್‌ಡ್ರೈವ್ ಸೆಟ್ಟಿಂಗ್ಸ್‌ನ ‘ಸಿಂಕ್ ಆಂಡ್ ಬ್ಯಾಕಪ್’ ಭಾಗದಲ್ಲಿ ‘ಮ್ಯಾನೇಜ್ ಬ್ಯಾಕಪ್’ ತೆರೆದು ನೋಡಿ. ಅಲ್ಲಿ ನಿಲ್ಲಿಸಿದ ಮೇಲೆ ಡೆಸ್ಕ್‌ಟಾಪ್ ಖಾಲಿ ಕಂಡರೆ ಗಾಬರಿ ಬೇಡ, ಫೈಲುಗಳು ಒನ್‌ಡ್ರೈವ್ ಫೋಲ್ಡರಿನೊಳಗಿನ ‘ಡೆಸ್ಕ್‌ಟಾಪ್’ನಲ್ಲಿರುತ್ತವೆ.

ಅಂದ ಹಾಗೆ, ಸಿಂಕ್ ಇದೆಯೆಂದು ಬ್ಯಾಕಪ್ ಬಿಡುವಂತಿಲ್ಲ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ನಿಮ್ಮ ಫೈಲುಗಳನ್ನು ಕೆಡಿಸಿದರೆ ಕೆಟ್ಟ ಪ್ರತಿಯೂ ಸಿಂಕ್ ಆಗುತ್ತದೆ. ಮುಖ್ಯವಾದುದರ ಇನ್ನೊಂದು ಪ್ರತಿ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರಲಿ. ಕಾಪಿ ಮುಗಿದ ಕೂಡಲೇ ಕೇಬಲ್ ತೆಗೆಯಿರಿ, ಇಲ್ಲವಾದರೆ ಆ ಪ್ರತಿಯೂ ಕೆಡಬಹುದು.

ಪ್ರಶ್ನೆ: ಒಂದೇ ಎಕ್ಸೆಲ್ ಫೈಲನ್ನು ಕಚೇರಿಯಲ್ಲೂ ಮನೆಯಲ್ಲೂ ಬಳಸುತ್ತೇನೆ. ಆಗಾಗ ಅದೇ ಹೆಸರಿನ ಮುಂದೆ ಕಂಪ್ಯೂಟರಿನ ಹೆಸರು ಅಂಟಿಕೊಂಡ ಇನ್ನೊಂದು ಫೈಲ್ ಹುಟ್ಟಿಕೊಳ್ಳುತ್ತದೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಎರಡೂ ಅಪೂರ್ಣ. ಕಚೇರಿಯಲ್ಲಿ ಸೇವ್ ಮಾಡಿ, ಅಪ್‌ಲೋಡ್ ಮುಗಿಯುವ ಮುನ್ನವೇ ಕಂಪ್ಯೂಟರ್ ಆಫ್ ಮಾಡಿದ್ದೀರಿ. ಮನೆಯಲ್ಲಿ ತೆರೆದದ್ದು ಹಳೆಯ ಪ್ರತಿ, ಅದನ್ನೂ ತಿದ್ದಿದ್ದೀರಿ. ಮರುದಿನ ಕಚೇರಿಯ ಕಂಪ್ಯೂಟರ್ ನೆಟ್‌ಗೆ ಬಂದಾಗ ಒಂದೇ ಫೈಲಿಗೆ ಎರಡು ಬೇರೆ ಬೇರೆ ತಿದ್ದುಪಡಿ. ಯಾವುದನ್ನು ಎಸೆಯಬೇಕೆಂದು ತೀರ್ಮಾನಿಸಲಾಗದೆ ಸಿಂಕ್ ತಂತ್ರಾಂಶ ಎರಡನ್ನೂ ಉಳಿಸಿಕೊಟ್ಟಿದೆ. ಡ್ರಾಪ್‌ಬಾಕ್ಸ್ ಇದನ್ನೇ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎನ್ನುತ್ತದೆ.

ದಿನಾಂಕ ಹಳೆಯದೆಂದು ಒಂದನ್ನು ಅಳಿಸಬೇಡಿ. ಎರಡನ್ನೂ ತೆರೆದು, ಎಕ್ಸೆಲ್‌ನ ‘ವ್ಯೂ’ ಟ್ಯಾಬಿನಲ್ಲಿ ‘ವ್ಯೂ ಸೈಡ್ ಬೈ ಸೈಡ್’ ಒತ್ತಿ, ವ್ಯತ್ಯಾಸವಿರುವ ಸಾಲುಗಳನ್ನು ಒಂದಕ್ಕೆ ಸೇರಿಸಿಕೊಳ್ಳಿ. ವರ್ಡ್ ಕಡತವಾದರೆ ‘ರಿವ್ಯೂ’ ಟ್ಯಾಬಿನ ‘ಕಂಪೇರ್’ ವ್ಯತ್ಯಾಸಗಳನ್ನು ತಾನೇ ಗುರುತಿಸಿ ತೋರಿಸುತ್ತದೆ.

ಮತ್ತೆ ಹೀಗಾಗದಿರಲು ಏಳುವ ಮುನ್ನ ಟಾಸ್ಕ್‌ಬಾರ್‌ನ ಮೋಡದ ಚಿಹ್ನೆಯಲ್ಲಿ ತಿರುಗುವ ಬಾಣಗಳು ನಿಂತಿವೆಯೇ ನೋಡಿ. ಫೈಲ್ ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯದಾಗಿದ್ದರೆ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಸೇವ್ ಮಾಡಿ. ಇಬ್ಬರು ಏಕಕಾಲಕ್ಕೆ ತಿದ್ದುವ ಸೌಲಭ್ಯ ಹಳೆಯ ಮಾದರಿಯಲ್ಲಿ ಇಲ್ಲ.

ಪ್ರಶ್ನೆ: ಲೆಕ್ಕಪತ್ರ ತಂತ್ರಾಂಶದ ಡೇಟಾ ಫೋಲ್ಡರನ್ನೇ ಗೂಗಲ್ ಡ್ರೈವ್‌ನಲ್ಲಿಟ್ಟರೆ ಎರಡು ಕಡೆ ಬಳಸಬಹುದಲ್ಲವೇ?

ಉತ್ತರ: ಬೇಡವೇ ಬೇಡ. ಡೇಟಾಬೇಸ್ ಎಂದರೆ ಒಂದಕ್ಕೊಂದು ಹೊಂದಿಕೊಂಡ ಹಲವು ಫೈಲುಗಳು, ಬಳಕೆಯಲ್ಲಿರುವಾಗ ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಸಿಂಕ್ ತಂತ್ರಾಂಶ ಅವನ್ನು ಬಿಡಿಬಿಡಿಯಾಗಿ ಒಯ್ಯುತ್ತದೆ. ಒಂದು ಫೈಲ್ ಈ ಕ್ಷಣದ್ದು, ಇನ್ನೊಂದು ಐದು ನಿಮಿಷ ಹಿಂದಿನದು ಸೇರಿದರೆ ಡೇಟಾ ತೆರೆಯದೇ ಹೋಗಬಹುದು. ಔಟ್‌ಲುಕ್‌ನ ಪಿಎಸ್‌ಟಿ ಫೈಲಿಗೂ (ಇಮೇಲ್‌ಗಳನ್ನು ಕೂಡಿಡುವ ಫೈಲ್) ಇದೇ ಮಾತು. ಡೇಟಾವನ್ನು ಸಿಂಕ್ ಫೋಲ್ಡರಿನ ಹೊರಗಿಟ್ಟು, ತಂತ್ರಾಂಶವೇ ತಯಾರಿಸುವ ಬ್ಯಾಕಪ್ ಫೈಲನ್ನು ಮಾತ್ರ ಡ್ರೈವ್‌ಗೆ ಹಾಕಿ.

ಪ್ರಶ್ನೆ: 20 ಜಿಬಿ ಫೋಲ್ಡರ್ ಹಾಕಿದ್ದೇನೆ. ಬೆಳಿಗ್ಗೆಯಿಂದ ‘ಸಿಂಕಿಂಗ್’ ಎಂದೇ ತೋರಿಸುತ್ತಿದೆ. ನೆಟ್ ಚೆನ್ನಾಗಿಯೇ ಇದೆ.

ಉತ್ತರ: ಡೌನ್‌ಲೋಡ್ ವೇಗ ನೋಡಿ ‘ಚೆನ್ನಾಗಿದೆ’ ಎನ್ನುತ್ತಿದ್ದೀರೇನೋ. ಇಲ್ಲಿ ಬೇಕಾದದ್ದು ಅಪ್‌ಲೋಡ್ ವೇಗ, ಅದು ಬಹಳ ಸಂಪರ್ಕಗಳಲ್ಲಿ ಕಡಿಮೆಯೇ. 10 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 10 ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸುಮಾರು 1.25 ಎಂಬಿ. ಆ ಲೆಕ್ಕಕ್ಕೆ 20 ಜಿಬಿಗೆ ನಾಲ್ಕೂವರೆ ಗಂಟೆ ಬೇಕು. ಸಾವಿರಾರು ಚಿಕ್ಕ ಫೈಲುಗಳಿದ್ದರೆ ಇನ್ನೂ ಹೆಚ್ಚು, ಏಕೆಂದರೆ ಪ್ರತಿ ಫೈಲಿಗೂ ಸರ್ವರ್ ಜೊತೆ ಪ್ರತ್ಯೇಕ ಮಾತುಕತೆ ನಡೆಯುತ್ತದೆ.

ಸಂಖ್ಯೆ ಕದಲದೆ ನಿಂತೇ ಇದ್ದರೆ ಮೊದಲು ಜಾಗ ನೋಡಿ. ಉಚಿತವಾಗಿ ಸಿಗುವುದು ಗೂಗಲ್‌ನಲ್ಲಿ 15 ಜಿಬಿ, ಅದರಲ್ಲೂ ಜಿಮೇಲ್ ಮತ್ತು ಫೋಟೋಸ್‌ಗೆ ಪಾಲು ಹೋಗುತ್ತದೆ; ಒನ್‌ಡ್ರೈವ್, ಐಕ್ಲೌಡ್‌ನಲ್ಲಿ 5 ಜಿಬಿ; ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ. ನಿಮ್ಮ 20 ಜಿಬಿ ಇವುಗಳಲ್ಲಿ ಯಾವುದಕ್ಕೂ ಹಿಡಿಸದು. ಜಾಗವಿದ್ದೂ ನಿಂತಿದ್ದರೆ ಬೇರೆ ತಂತ್ರಾಂಶದಲ್ಲಿ ತೆರೆದಿಟ್ಟ ಫೈಲ್ ಇದೆಯೇ, ಮ್ಯಾಕ್‌ನಿಂದ ಬಂದ ಹೆಸರುಗಳಲ್ಲಿ ವಿಂಡೋಸ್ ಒಪ್ಪದ ಕೋಲನ್ ಅಥವಾ ಪ್ರಶ್ನಾರ್ಥಕ ಚಿಹ್ನೆ ಇದೆಯೇ ನೋಡಿ. ಫೋಲ್ಡರಿನೊಳಗೆ ಫೋಲ್ಡರ್ ಇಟ್ಟು ಹೆಸರಿನ ದಾರಿ ತೀರಾ ಉದ್ದವಾಗಿದ್ದರೂ ಇದೇ ಪಾಡು.

ಪ್ರಶ್ನೆ: ಫೋನಿನ ಫೋಟೋಗಳು ಗೂಗಲ್ ಫೋಟೋಸ್‌ನಲ್ಲಿವೆ. ಫೋನಿನಿಂದ ಅಳಿಸಬಹುದೇ?

ಉತ್ತರ: ಬುಟ್ಟಿಯ ಚಿತ್ರ ಒತ್ತಿದರೆ ಎರಡೂ ಕಡೆ ಹೋಗುತ್ತವೆ (ಬ್ಯಾಕಪ್ ಆಗಿದ್ದವು ಟ್ರ್ಯಾಶ್‌ನಲ್ಲಿ 60 ದಿನ ಇರುತ್ತವೆ). ಫೋಟೋಸ್ ಆ್ಯಪ್‌ನಲ್ಲಿ ನಿಮ್ಮ ಖಾತೆಯ ಚಿತ್ರ ಒತ್ತಿ ‘ಫ್ರೀ ಅಪ್ ಸ್ಪೇಸ್’ ಬಳಸಿ. ಬ್ಯಾಕಪ್ ಆಗಿರುವುದನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ. ವಾಟ್ಸ್‌ಆ್ಯಪ್ ಚಿತ್ರಗಳ ಫೋಲ್ಡರಿಗೆ ಬ್ಯಾಕಪ್ ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಪ್ರತ್ಯೇಕವಾಗಿ ಆನ್ ಮಾಡಬೇಕು.