ಮನೆಯಲ್ಲಿ ಕಟ್ಟಿದ ಅನಲಾಗ್ ಸಿಂಥ್‌ಗೆ ಕೀಬೋರ್ಡ್ ಎಲ್ಲಿಂದ ತರುವುದು? ಹಳೇ ಹಾರ್ಮೋನಿಯಂ ಆಗುತ್ತಾ?

ನಿಮ್ಮ ಸಿಂಥ್‌ನ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ವಿಸಿಒ (ವೋಲ್ಟೇಜಿಗೆ ತಕ್ಕ ಸ್ವರ ಹುಟ್ಟಿಸುವ ಸರ್ಕ್ಯೂಟ್), ಫಿಲ್ಟರ್, ವಿಸಿಎ (ಸದ್ದಿನ ಮಟ್ಟ ಏರಿಳಿಸುವುದು) ಮೂರೂ ಬ್ರೆಡ್‌ಬೋರ್ಡ್ ಮೇಲೆ ಕೆಲಸ ಮಾಡುತ್ತಿವೆ, ನುಡಿಸೋಕೆ ಕೀಗಳಿಲ್ಲ, ಹೊಸ ಕೀಬೆಡ್ (ಬರೀ ಕೀಗಳ ಸೆಟ್) ತರಿಸಿದರೆ ತುಂಬಾ ದುಬಾರಿ, ಮನೆಯಲ್ಲಿರುವ ಕೆಟ್ಟ ಹಾರ್ಮೋನಿಯಂಗೆ ಸ್ವಿಚ್ ಕೂರಿಸಬಹುದಾ ಅಂತ ಕೇಳಿದ್ದೀರಿ. ಕೂರಿಸಬಹುದು. ಆದರೆ ಬೇಡ. ನಾನು ಕೂರಿಸಿ ನೋಡಿದ್ದೇನೆ.

ನಮ್ಮನೆಯದು 37 ಕೀಗಳ ಹಳೇ ಪೆಟ್ಟಿಗೆ. ತಿದಿ ಹರಿದಿತ್ತು, ರೀಡ್‌ಗಳಿಗೆ ತುಕ್ಕು ಹಿಡಿದಿತ್ತು. ಹೇಗೂ ಅಟ್ಟದ ಮೇಲೆ ಬಿದ್ದಿತ್ತಲ್ಲ, ಪ್ರತಿ ಕೀ ಕೆಳಗೆ ಒಂದೊಂದು ಮೈಕ್ರೋಸ್ವಿಚ್ ಅಂಟಿಸಿದರಾಯಿತು ಅಂದುಕೊಂಡೆ. ಮೂರು ವಾರ ಹೋಯಿತು. ಒಂದು ಕೀ ಅರ್ಧ ಒತ್ತಿದರೆ ಸಾಕು, ಸ್ವರ ಬರುತ್ತಿತ್ತು. ಪಕ್ಕದ್ದು ತಳ ಮುಟ್ಟುವವರೆಗೂ ಸುಮ್ಮನಿರುತ್ತಿತ್ತು. ಹಳೇ ಲಗ್ನಪತ್ರಿಕೆ ಕತ್ತರಿಸಿ, ಒಂದೊಂದು ಸ್ವಿಚ್ ಕೆಳಗೂ ಚೂರು ಸಿಕ್ಕಿಸಿ ಎಲ್ಲ ಒಂದೇ ಮಟ್ಟಕ್ಕೆ ತಂದೆ. ಅಷ್ಟರಲ್ಲಿ ಮಳೆಗಾಲ ಬಂತು, ಮರ ಉಬ್ಬಿತು, ಎಲ್ಲ ಮತ್ತೆ ಏರುಪೇರು. ಹಾರ್ಮೋನಿಯಂ ಕೀಯ ಸ್ಪ್ರಿಂಗ್ ಇರುವುದು ಗಾಳಿ ಸೋರದಂತೆ ತೂತು ಮುಚ್ಚೋಕೆ, ಹಾಗಾಗಿ ಬೇಗ ನುಡಿಸಲು ಅದು ಬಿಗಿ. ಸಾಲದ್ದಕ್ಕೆ 37 ಮೈಕ್ರೋಸ್ವಿಚ್‌ಗಳ ಟಿಕ್ ಟಿಕ್ ಸದ್ದು. ಅಮ್ಮ ಒಂದೇ ಮಾತು ಹೇಳಿದರು: "ಪೆಟ್ಟಿಗೇನೂ ಹಾಳಾಯ್ತು, ನಿನ್ನ ಮೆಷಿನ್ನೂ ಆಗ್ಲಿಲ್ಲ."

ಇದರಲ್ಲಿ ಎಲೆಕ್ಟ್ರಾನಿಕ್ಸ್ ಸುಲಭದ ಭಾಗ. ಎಲ್ಲ ಕೀಗಳೂ ಒಂದೇ ಆಳದಲ್ಲಿ, ಒಂದೇ ಭಾರದಲ್ಲಿ, ಸದ್ದಿಲ್ಲದೆ ಕಾಂಟ್ಯಾಕ್ಟ್ ಕೊಡಬೇಕಲ್ಲ, ಕಷ್ಟ ಅದು. ಸಿಂಥ್ ಲೋಕದ ದೊಡ್ಡ ಹೆಸರಾದ ಮೋಗ್ ಕಂಪನಿಯ ಸಿಂಥ್‌ಗಳಿಗೂ ಕೀಗಳು ಬಂದದ್ದು ಪ್ರ್ಯಾಟ್-ರೀಡ್ ಅನ್ನುವ ಅಮೆರಿಕದ ಪಿಯಾನೊ ಕೀ ಕಂಪನಿಯಿಂದ. (ಮೂಗ್ ಅಲ್ಲ, ಮೋಗ್ ಅನ್ನಬೇಕಂತೆ. ಮೂಗ್ ಅಂದರೆ ನನಗಂತೂ ನೆಗಡಿ ನೆನಪಾಗುತ್ತದೆ.) ಅಂಥವರೇ ಕೀ ಮಾಡೋಕೆ ಹೋಗಲಿಲ್ಲ ಅಂದಮೇಲೆ ನಮಗ್ಯಾಕೆ ಆ ಉಸಾಬರಿ? ಕಾಂಟ್ಯಾಕ್ಟ್ ಸಮೇತ ಸಿಗುವ ಕೀಗಳನ್ನೇ ಹುಡುಕಿ.

ಎಲ್ಲಕ್ಕಿಂತ ಕಡಿಮೆ ತಾಪತ್ರಯದ್ದು, ಹಿಂದುಗಡೆ ದುಂಡನೆಯ 5 ಪಿನ್ನಿನ ಮಿಡಿ ಔಟ್ (ಯಾವ ಕೀ ಒತ್ತಿದಿರಿ ಅಂತ ಬೇರೆ ಯಂತ್ರಕ್ಕೆ ಹೇಳುವ ಕಿಂಡಿ) ಇರುವ ಸೆಕೆಂಡ್ ಹ್ಯಾಂಡ್ ಹೋಮ್ ಕೀಬೋರ್ಡ್. ಸ್ಪೀಕರ್ ಹೋಗಿದ್ದರೂ ಪರವಾಗಿಲ್ಲ, ಬಿಚ್ಚುವುದೂ ಬೇಡ. ಮಿಡಿ ಬಂದದ್ದು 1983ರಲ್ಲಿ, ಅವತ್ತಿನ ಕೀಬೋರ್ಡೂ ಇವತ್ತಿನದೂ ಮಾತಾಡುವುದು ಅದೇ 31,250 ಬಾಡ್ ವೇಗದಲ್ಲಿ. ಒಂದು 6ಎನ್138 ಆಪ್ಟೋಕಪ್ಲರ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಚಿಪ್), ಒಂದು ಆರ್ಡುಯಿನೊ ನ್ಯಾನೊ (ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್), ಒಂದು ಡ್ಯಾಕ್ (ಅಂಕಿಯನ್ನು ವೋಲ್ಟೇಜ್ ಮಾಡುವ) ಚಿಪ್ ಇದ್ದರೆ ಆಯಿತು. ಯುಎಸ್‌ಬಿ ಮಾತ್ರ ಇರುವ ಪುಟ್ಟ ಮಿಡಿ ಕೀಬೋರ್ಡ್‌ಗಳನ್ನು ಅಗ್ಗ ಅಂತ ತರಬೇಡಿ. ಅವಕ್ಕೆ ಆ ಕಡೆ ಕಂಪ್ಯೂಟರ್ ಥರದ ಹೋಸ್ಟ್ ಬೇಕು, ನ್ಯಾನೊ ಕೈಯಲ್ಲಿ ಅದು ಆಗುವುದಿಲ್ಲ.

ಮಿಡಿ ಇರುವುದು ಸಿಗದಿದ್ದರೆ, ಬೋರ್ಡ್ ಸತ್ತ 49 ಅಥವಾ 61 ಕೀಗಳ ಕೀಬೋರ್ಡ್ ತನ್ನಿ. ನನಗೆ ಸಿಕ್ಕಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ರಿಪೇರಿಯವರ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು 61 ಕೀಯದ್ದು. ಆರುನೂರು ರೂಪಾಯಿ. ಬಿಚ್ಚಿದರೆ ಕೀಗಳ ಕೆಳಗೆ ಉದ್ದದ ರಬ್ಬರ್ ಪಟ್ಟಿ, ಅದರ ಗುಳ್ಳೆಗಳೊಳಗೆ ಕಪ್ಪು ಕಾರ್ಬನ್ ಬೊಟ್ಟು, ಅದು ಬಂದು ಒತ್ತುವ ಬೋರ್ಡ್ ಮೇಲೂ ಕಾರ್ಬನ್ ಬಳಿದ ಪ್ಯಾಡ್. ನಾನು ಜಾಣತನ ಮಾಡಿ ಆ ಕಪ್ಪು ಪ್ಯಾಡ್ ಮೇಲೇ ವೈರ್ ಬೆಸೆಯೋಕೆ ಹೋದೆ. ಕಾರ್ಬನ್‌ಗೆ ಸೋಲ್ಡರ್ ಹಿಡಿಯುವುದಿಲ್ಲ. ಕಾದ ಸೋಲ್ಡರಿಂಗ್ ಐರನ್‌ಗೆ ಪ್ಯಾಡ್ ಸಿಪ್ಪೆಯ ಹಾಗೆ ಎದ್ದು ಬಂತು. ಒಂದು ಎಫ್ ಶಾರ್ಪ್ ಇವತ್ತಿಗೂ ಬಾಯಿ ಬಿಡುವುದಿಲ್ಲ. ನೀವು ರಿಬ್ಬನ್ ಕೇಬಲ್ ಬಂದು ಸೇರುವ ಕಡೆ, ತಾಮ್ರ ಕಾಣುವ ಜಾಗದಲ್ಲಿ ಬೆಸೆಯಿರಿ. ಕಾರ್ಬನ್ನನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು, ಉಜ್ಜಬೇಡಿ.

61 ಕೀಗೆ 61 ವೈರ್ ಇರುವುದಿಲ್ಲ. ಸಾಮಾನ್ಯವಾಗಿ 8 ಸಾಲು, 8 ಕಂಬದ ಮ್ಯಾಟ್ರಿಕ್ಸ್ (ಕೀ ಒತ್ತಿದರೆ ಒಂದು ಸಾಲಿನ ವೈರ್ ಒಂದು ಕಂಬದ ವೈರ್‌ಗೆ ಸೇರುವ ಜಾಲ) ಇರುತ್ತದೆ, ಅಂದರೆ 16 ವೈರ್. ಬೆರಳಿನ ಜೋರು ಅಳೆಯುವ ಮಾದರಿಯಾದರೆ ಕೀಗೆ ಎರಡೆರಡು ಕಾಂಟ್ಯಾಕ್ಟ್, ವೈರೂ ಜಾಸ್ತಿ. ನಿಮಗೆ ಕೀಗೆ ಒಂದೇ ಕಾಂಟ್ಯಾಕ್ಟ್ ಸಾಕು. ಯಾವ ಕೀ ಯಾವ ಎರಡು ವೈರ್ ಸೇರಿಸುತ್ತದೆ ಅಂತ ತಿಳಿಯಲು ಮಲ್ಟಿಮೀಟರನ್ನು ಡಯೋಡ್ ಮೋಡ್‌ಗೆ ಹಾಕಿ, ಒಂದೊಂದೇ ಕೀ ಒತ್ತಿ, ಕಾಗದದಲ್ಲಿ ಬರೆದುಕೊಳ್ಳಿ. ಪ್ರೋಬನ್ನು ತಿರುಗಿಸಿಯೂ ನೋಡಿ, ಯಾಕೆಂದರೆ ಕೀಗಳ ಜೊತೆ ಇರುವ ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಒಂದು ಭಾನುವಾರದ ಮಧ್ಯಾಹ್ನದ ಕೆಲಸ. ನ್ಯಾನೊದಲ್ಲಿ ಪಿನ್ ಸಾಲುವುದಿಲ್ಲ, ಕಂಬಗಳ ಕಡೆಗೆ ಒಂದು 74ಎಚ್‌ಸಿ595 ಶಿಫ್ಟ್ ರಿಜಿಸ್ಟರ್ ಚಿಪ್ ಹಾಕಿದರೆ ಎಂಟು ಪಿನ್ನಿನ ಕೆಲಸ ಮೂರರಲ್ಲಿ ಮುಗಿಯುತ್ತದೆ.

ಡ್ಯಾಕ್‌ಗೆ ನಾನು ಬಳಸಿದ್ದು ಎಂಸಿಪಿ4822. ಇದು ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: 12 ಬಿಟ್, 4.096 ವೋಲ್ಟ್ ವ್ಯಾಪ್ತಿ, ಅಂದರೆ ಒಂದು ಹೆಜ್ಜೆಗೆ ಸರಿಯಾಗಿ 1 ಮಿಲಿವೋಲ್ಟ್. ಆಕ್ಟೇವ್‌ಗೆ (12 ಸೆಮಿಟೋನ್) 1 ವೋಲ್ಟ್ ಲೆಕ್ಕದಲ್ಲಿ ಒಂದು ಸೆಮಿಟೋನ್ (ಪಕ್ಕಪಕ್ಕದ ಕೀಗಳ ಅಂತರ) 83.33 ಮಿಲಿವೋಲ್ಟ್. ಪ್ರತಿ ಕೀಯ ಒಟ್ಟು ವೋಲ್ಟೇಜನ್ನು ಹತ್ತಿರದ ಪೂರ್ಣ ಮಿಲಿವೋಲ್ಟ್‌ಗೆ ದುಂಡಾಗಿಸಿದರೆ ತಪ್ಪುವುದು ಅರ್ಧ ಸೆಂಟ್‌ಗಿಂತ (ಸೆಂಟ್ ಅಂದರೆ ಸೆಮಿಟೋನ್‌ನ ನೂರನೇ ಒಂದು ಪಾಲು) ಕಡಿಮೆ, ಕಿವಿಗೆ ಗೊತ್ತಾಗಲ್ಲ. 49 ಕೀಗಳು 4 ವೋಲ್ಟ್‌ನಲ್ಲಿ ಮುಗಿಯುತ್ತವೆ. 61 ಕೀ ಪೂರ್ತಿ ಬೇಕಿದ್ದರೆ ಮಾತ್ರ ಮುಂದೆ ಆಪ್ ಆಂಪ್ ಹಾಕಿ ವೋಲ್ಟೇಜ್ ಏರಿಸಬೇಕು. ಹೇಗೂ ಒಂದು ಆಪ್ ಆಂಪ್, ಹೊಂದಿಸೋಕೆ ಒಂದು ಟ್ರಿಮ್‌ಪಾಟ್ ಇಡಿ, ಚಿಪ್‌ನೊಳಗಿನ ರೆಫರೆನ್ಸ್ ಅಷ್ಟು ಕರಾರುವಾಕ್ಕಾಗಿರುವುದಿಲ್ಲ.

ಆದರೆ ನಿಮ್ಮ ಪ್ರಶ್ನೆಯ ಕೊನೆಗೆ "ಮಧ್ಯೆ ಎಲ್ಲೂ ಡಿಜಿಟಲ್ ಬೇಡ" ಅಂತ ಬೇರೆ ಬರೆದಿದ್ದೀರಿ. ಆ ಹಟ ನನಗೆ ಇಷ್ಟ. ಆಗ ಹಳೇ ಕಾಲದ ರೆಸಿಸ್ಟರ್ ಸರಪಳಿಯೇ ದಾರಿ. 37 ಕೀಗಳಿಗೆ 100 ಓಮ್‌ನ 36 ರೆಸಿಸ್ಟರ್‌ಗಳನ್ನು ಸಾಲಾಗಿ ಬೆಸೆಯಿರಿ. ಕೆಳತುದಿ ಗ್ರೌಂಡ್‌ಗೆ. ಪ್ರತಿ ಜೋಡಣೆಯಿಂದ ಒಂದು ಕೀ, ಕೀ ಒತ್ತಿದರೆ ಅದು ಎಲ್ಲಕ್ಕೂ ಸಾಮಾನ್ಯವಾದ ಒಂದೇ ಬಸ್ ತಂತಿಗೆ ಸೇರಬೇಕು. ಶೇಕಡಾ 1ರ ಮೆಟಲ್ ಫಿಲ್ಮ್ ನೂರು ತಂದು, ಮೀಟರ್‌ನಲ್ಲಿ ಅಳೆದು, ಒಂದಕ್ಕೊಂದು ಹೊಂದುವ 36 ಆರಿಸಿಕೊಳ್ಳಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಇಲ್ಲಿ ಬಹಳ ಜನ ಎಡವುವುದು ಸರಪಳಿಯ ಮೇಲ್ತುದಿಗೆ ಸುಮ್ನೆ 3 ವೋಲ್ಟ್ ಕೊಟ್ಟು. ಒಂದೊಂದೇ ಕೀ ಒತ್ತಿದರೆ ಎಲ್ಲ ಸರಿ. ಎರಡು ಕೀ ಒಟ್ಟಿಗೆ ಬಿದ್ದ ಕೂಡಲೇ ಅವುಗಳ ನಡುವಿನ ರೆಸಿಸ್ಟರ್‌ಗಳು ಶಾರ್ಟ್ ಆಗಿ, ಕರೆಂಟ್ ಏರಿ, ಎರಡೂ ಅಲ್ಲದ ಅಪಸ್ವರ ಬರುತ್ತದೆ. ಬದಲಿಗೆ 0.833 ಮಿಲಿಆಂಪ್‌ನ ಸ್ಥಿರ ಕರೆಂಟ್ ಕೊಡಿ, ಒಂದು ಆಪ್ ಆಂಪ್, ಒಂದು ಟ್ರಾನ್ಸಿಸ್ಟರ್ ಸಾಕು. ಆಗ ನಡುವಿನವು ಶಾರ್ಟ್ ಆದರೂ ಕೆಳಗಿನ ರೆಸಿಸ್ಟರ್‌ಗಳಲ್ಲಿ ಹರಿಯುವುದು ಅದೇ ಕರೆಂಟ್, ಕೆಳಗಿನ ಸ್ವರ ಶುದ್ಧವಾಗಿ ಬರುತ್ತದೆ. 1970ರ ಮಿನಿಮೋಗ್‌ನಲ್ಲೂ ಎರಡು ಒತ್ತಿದರೆ ಕೇಳುವುದು ಕೆಳಗಿನದೇ. ಕೆಳಗಿನದನ್ನು ಹಿಡಿದುಕೊಂಡು ಮೇಲಿನದನ್ನು ತಟ್ಟಿದರೆ ಏನೂ ಆಗುವುದಿಲ್ಲ. ಮೇಲಿನದನ್ನು ಹಿಡಿದು ಕೆಳಗಿನದನ್ನು ತಟ್ಟಿ ನೋಡಿ, ಮಜಾ ಅಲ್ಲಿದೆ.

ಕೈ ಎತ್ತಿದ ಮೇಲೂ ಸ್ವರ ಅದೇ ಮಟ್ಟದಲ್ಲಿ ಉಳಿಯಬೇಕಲ್ವಾ, ಅದಕ್ಕೆ ಸ್ಯಾಂಪಲ್ ಆಂಡ್ ಹೋಲ್ಡ್ (ಕೊನೆಯ ವೋಲ್ಟೇಜನ್ನು ಕೆಪಾಸಿಟರ್‌ನಲ್ಲಿ ಹಿಡಿದಿಡುವ ಸರ್ಕ್ಯೂಟ್) ಬೇಕು. ಕೆಪಾಸಿಟರ್ ಪಾಲಿಪ್ರೊಪಿಲೀನ್ ಇರಲಿ, ಸಾಧಾರಣ ಸೆರಾಮಿಕ್ ಬೇಡ. ಬಫರ್‌ಗೆ ಟಿಎಲ್072 ಆಪ್ ಆಂಪ್. ಗೇಟ್‌ಗೆ (ಕೀ ಒತ್ತಿದೆ ಅಂತ ತಿಳಿಸುವ ಸಿಗ್ನಲ್) ಪ್ರತಿ ಕೀಯಲ್ಲೂ ಎರಡನೇ ಕಾಂಟ್ಯಾಕ್ಟ್ ಬೇಕು, ಕೀ ಬಿಡುವಾಗ ಮೊದಲು ಗೇಟ್ ಬಿಡಬೇಕು, ಆಮೇಲೆ ಪಿಚ್. ಉಲ್ಟಾ ಆದರೆ ಪ್ರತಿ ಸ್ವರದ ಬಾಲಕ್ಕೂ ಒಂದು ವಿಕಾರದ ಜಾರು ಅಂಟಿಕೊಳ್ಳುತ್ತದೆ. ಜಾರು ಬೇಕೆಂದೇ ಬೇಕಿದ್ದರೆ ಕೆಪಾಸಿಟರ್‌ಗೆ ಹೋಗುವ ದಾರಿಯಲ್ಲಿ 1 ಮೆಗಾಓಮ್ ಪಾಟ್ (ತಿರುಗಿಸುವ ರೆಸಿಸ್ಟರ್) ಹಾಕಿ, ಗ್ಲೈಡ್ ಸಿಗುತ್ತದೆ. ನಮ್ಮ ಸಂಗೀತದ ಕಂಪಿತ ಗಮಕ ಮಾತ್ರ ಅದರಿಂದ ಬರುವುದಿಲ್ಲ, ಅದಕ್ಕೆ ಪಕ್ಕದಲ್ಲೊಂದು ಪಿಚ್ ವ್ಹೀಲ್ ಬೇಕು.

ಸರಪಳಿಗೆ ರಬ್ಬರ್ ಕಾಂಟ್ಯಾಕ್ಟ್ ಆಗುವುದಿಲ್ಲ, ಮ್ಯಾಟ್ರಿಕ್ಸ್ ಪಟ್ಟಿಯನ್ನು ಕಡಿಯಬೇಕಾಗುತ್ತದೆ. ತಂತಿ ಕಾಂಟ್ಯಾಕ್ಟ್ ಇರುವ ಹಳೇ ಎಲೆಕ್ಟ್ರಿಕ್ ಆರ್ಗನ್ನಿನ ಕೀಗಳೇ ಸಿಕ್ಕರೆ ಬಿಡಬೇಡಿ. ಯಾವುದೇ ಇರಲಿ, ದುಡ್ಡು ಕೊಡುವ ಮೊದಲು ಅಲ್ಲೇ ನಿಂತು ಒಂದೊಂದು ಕೀಯನ್ನೂ ಒತ್ತಿ, ಪೂರ್ತಿ ಮೇಲೆ ಬರುತ್ತಾ ನೋಡಿ. ಅಂಗಡಿಯವರು ಗೊಣಗುತ್ತಾರೆ. ಗೊಣಗಲಿ. ರೆಸಿಸ್ಟರ್ ನಾಳೆಯೂ ಸಿಗುತ್ತದೆ, ಆ ಮಾಡೆಲ್‌ನಲ್ಲಿ ಮುರಿದ ಕೀಗೆ ಬದಲಿ ಸಿಗುವುದಿಲ್ಲ.