ಮಗಳಿಗೆ ‘ಕಿರಣ’ ಎಂದು ಹೆಸರಿಡಬಹುದೆ?

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರಗಳು. ನನ್ನ ತವರು ಗದಗ-ಬೆಟಗೇರಿ, ಗಂಡನ ಮನೆ ಹುಬ್ಬಳ್ಳಿ. ಒಂದೂವರೆ ತಿಂಗಳ ಹಿಂದೆ ನನಗೆ ಚೊಚ್ಚಲ ಹೆಣ್ಣುಮಗು ಹುಟ್ಟಿದೆ. ಮೃಗಶಿರಾ ನಕ್ಷತ್ರದ ನಾಲ್ಕನೆಯ ಚರಣವಾದ್ದರಿಂದ ‘ಕಿ’ ಅಕ್ಷರ ಬಂದಿದೆ. ನಾನೂ ನನ್ನ ಗಂಡನೂ ‘ಕಿರಣ’ ಎಂಬ ಹೆಸರನ್ನು ಮೆಚ್ಚಿದ್ದೇವೆ. ಹೆಸರು ಕೇಳಿದ ಕೂಡಲೇ ಹೆಣ್ಣೋ ಗಂಡೋ ಎಂದು ಜನ ಅಳೆಯದಿರಲಿ ಎಂಬುದು ನಮ್ಮ ಆಸೆ. ಆದರೆ ಅತ್ತೆಯವರು, ಅದು ಗಂಡುಹುಡುಗರ ಹೆಸರು, ಶಾಲೆಯಲ್ಲಿಯೂ ಕಾಗದಪತ್ರಗಳಲ್ಲಿಯೂ ಮಗುವಿಗೆ ತೊಂದರೆಯಾಗುತ್ತದೆ, ಬೇಕಾದರೆ ‘ಕೀರ್ತಿ’ ಎಂದಿಡಿ ಎನ್ನುತ್ತಾರೆ. ಕಿವಿಯಲ್ಲಿ ಹೆಸರು ಹೇಳಬೇಕಾದ ನಾದಿನಿಯೂ ಹಿಂಜರಿಯುತ್ತಿದ್ದಾರೆ. ಹದಿಮೂರನೆಯ ದಿನ ಆಗಬೇಕಿದ್ದ ತೊಟ್ಟಿಲ ಕಾರ್ಯ ಮುಂದಕ್ಕೆ ಹೋಗಿದೆ. ಏನು ಮಾಡಲಿ?
ಒಬ್ಬ ಓದುಗಳು, ಗದಗ

ಉತ್ತರ: ತಂಗಿ, ಇಡಬಹುದು. ನನ್ನ ಅಭಿಪ್ರಾಯ ಇಷ್ಟೇ ಆದರೂ, ನಿಮ್ಮ ಅತ್ತೆಯವರ ಆತಂಕ ಮೊಮ್ಮಗಳ ಮೇಲಿನ ಕಾಳಜಿಯಿಂದ ಹುಟ್ಟಿದ್ದಾದ್ದರಿಂದ ಅವರಿಗೂ ಒಪ್ಪಿಗೆಯಾಗುವಂತೆ ಕಾರಣಗಳನ್ನು ಹೇಳುವುದು ನನ್ನ ಕರ್ತವ್ಯ.

ಮೊದಲು ನಮ್ಮ ಕಡೆಯ ಹಳೆಯ ಹೆಸರುಗಳನ್ನೇ ನೋಡೋಣ. ಬಸಪ್ಪ, ಬಸವ್ವ, ಯಲ್ಲಪ್ಪ, ಯಲ್ಲವ್ವ, ದ್ಯಾಮಪ್ಪ, ದ್ಯಾಮವ್ವ, ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಫಕ್ಕೀರಪ್ಪ, ಫಕ್ಕೀರವ್ವ. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಕೂಸನ್ನು ತಿಪ್ಪೆಗೆ ಒಪ್ಪಿಸಿ ಎತ್ತಿಕೊಂಡವರೂ ತಿಪ್ಪಣ್ಣ, ತಿಪ್ಪವ್ವ ಎಂದೇ ಕರೆದರು. ಯಲ್ಲಮ್ಮ ಹೆಣ್ಣುದೇವರು, ಬಸವಣ್ಣ ಗಂಡಸು. ಆದರೂ ಆಕೆಯ ಹೆಸರನ್ನು ಗಂಡುಮಕ್ಕಳಿಗೂ ಆತನ ಹೆಸರನ್ನು ಹೆಣ್ಣುಮಕ್ಕಳಿಗೂ ಇಡಲು ನಮ್ಮ ಹಿರಿಯರು ಹಿಂದೆಮುಂದೆ ನೋಡಲಿಲ್ಲ. ಹೆಸರಿನ ಬುಡ ಎಲ್ಲರದು. ಹೆಣ್ಣು-ಗಂಡು ಎಂಬುದನ್ನು ತಿಳಿಸುತ್ತಿದ್ದದ್ದು ಕೊನೆಗೆ ಸೇರುವ ಅಪ್ಪ, ಅವ್ವ, ಅಣ್ಣ ಎಂಬ ಸಂಬಂಧದ ಮಾತು ಮಾತ್ರ. ಜೋಗತಿ ಕಲೆಗಾಗಿ 2021ರ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರು ಬಾಲ್ಯದಲ್ಲಿ ಮಂಜುನಾಥ ಎಂದು ಕರೆಸಿಕೊಂಡವರು. ಅವರ ಬದುಕಿನ ಅಷ್ಟು ದೊಡ್ಡ ಪಲ್ಲಟದಲ್ಲಿಯೂ ‘ಮಂಜು’ ಎಂಬುದು ಹಾಗೆಯೇ ಉಳಿಯಿತು. ಅಪ್ಪ, ಅವ್ವ ಎಂಬವು ಹಳ್ಳಿಯ ಮಾತೆಂದು ನಾವು ಬಿಟ್ಟುಕೊಟ್ಟು, ಪುಸ್ತಕದ ಹೆಸರುಗಳಿಗೆ ಮೊರೆಹೋದ ಮೇಲೆಯೇ ಬುಡದಲ್ಲಿಯೂ ಹೆಣ್ಣು-ಗಂಡಿನ ಗೆರೆ ಬಿದ್ದಿತು ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ನೀವು ಮಾಡಹೊರಟಿರುವುದು ನಮ್ಮ ನೆಲಕ್ಕೆ ಹೊರಗಿನದಲ್ಲ.

ಶಾಸ್ತ್ರದ ಮಾತು ಬಂದರೆ ಅದಕ್ಕೂ ಉತ್ತರವಿದೆ. ಗಂಡುಮಗುವಿನ ಹೆಸರಿನಲ್ಲಿ ಸಮಸಂಖ್ಯೆಯ, ಹೆಣ್ಣುಮಗುವಿನ ಹೆಸರಿನಲ್ಲಿ ಬೆಸಸಂಖ್ಯೆಯ ಅಕ್ಷರಗಳಿರಬೇಕೆಂದು ಆಶ್ವಲಾಯನ ಗೃಹ್ಯಸೂತ್ರ ಹೇಳುತ್ತದೆ. ಕಿ, ರ, ಣ: ಮೂರು ಅಕ್ಷರ. ಆ ಲೆಕ್ಕದಲ್ಲಿ ಇದು ಹೆಣ್ಣುಮಗುವಿಗೇ ಒಪ್ಪುವ ಹೆಸರು. ಹೆಣ್ಣಿನ ಹೆಸರು ದೀರ್ಘಾಕ್ಷರದಲ್ಲಿ ಮುಗಿಯಬೇಕೆಂದು ಮನುಸ್ಮೃತಿ ಬೇರೆಯೇ ನಿಯಮ ಹೇಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ನಿಯಮಕ್ಕೆ ಅತ್ತೆಯವರು ಸೂಚಿಸಿದ ‘ಕೀರ್ತಿ’ಯೂ ಹೊಂದುವುದಿಲ್ಲ. ಮೇಲಾಗಿ ‘ಕೀರ್ತಿ’ ಹೆಣ್ಣುಮಕ್ಕಳಿಗಷ್ಟೇ ಮೀಸಲಾದ ಹೆಸರೂ ಅಲ್ಲ. 1983ರಲ್ಲಿ ವಿಶ್ವಕಪ್ ಗೆದ್ದ ನಮ್ಮ ಕ್ರಿಕೆಟ್ ತಂಡದಲ್ಲಿ ಕೀರ್ತಿ ಆಜಾದ್ ಇದ್ದರು. ನಿಮ್ಮ ಗದಗಿನಲ್ಲಿಯೇ ಹುಟ್ಟಿದ ವಿಮರ್ಶಕ ಕುರ್ತಕೋಟಿಯವರು ಕೀರ್ತಿನಾಥರು. ಪಶ್ಚಿಮ ಬಂಗಾಳವನ್ನು 1977ರಿಂದ 2000ದವರೆಗೆ ಆಳಿದ ಮುಖ್ಯಮಂತ್ರಿಯ ಹೆಸರು ಜ್ಯೋತಿ ಬಸು. ಇನ್ನು ಕಿರಣ ಎಂದರೆ ಕಿರಣ್ ಬೇಡಿ, ಬೆಂಗಳೂರಿನ ಕಿರಣ್ ಮಜುಂದಾರ್ ಶಾ ಅವರನ್ನು ಅತ್ತೆಯವರಿಗೆ ನೆನಪಿಸಿ.

ನಿಮ್ಮ ಪತ್ರ ಓದಿದಾಗ ನನಗೆ ಇನ್ನೊಂದು ಸಂಗತಿ ನೆನಪಾಯಿತು. ಜರ್ಮನಿಯಲ್ಲಿ ದಂಪತಿಗಳು ತಮ್ಮ ಮಗಳಿಗೆ ಇದೇ ‘ಕಿರಣ್’ ಎಂಬ ಹೆಸರನ್ನು ಇಟ್ಟಾಗ, ಹೆಸರಿನಿಂದ ಹೆಣ್ಣೋ ಗಂಡೋ ತಿಳಿಯುವುದಿಲ್ಲವೆಂದು ನೋಂದಣಿ ಕಚೇರಿ ಒಪ್ಪಲಿಲ್ಲ. ಪ್ರಕರಣ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋಗಿ, ಮಗುವಿನ ಹಿತಕ್ಕೆ ಧಕ್ಕೆಯಾಗದಿದ್ದರೆ ಹೆಸರಿನ ಆಯ್ಕೆ ತಂದೆತಾಯಿಯರದು, ಹೆಸರು ಲಿಂಗವನ್ನು ತೋರಿಸಲೇಬೇಕೆಂಬ ಕಾನೂನಿಲ್ಲ ಎಂದು 2008ರ ಡಿಸೆಂಬರ್‌ನಲ್ಲಿ ತೀರ್ಪು ಬಂದಿತು. ನಮ್ಮ ದೇಶದಲ್ಲಿ ಹೆಸರಿಗೆ ಅಂಥ ಕಟ್ಟುಪಾಡು ಎಂದೂ ಇಲ್ಲ.

ಕಾಗದಪತ್ರಗಳ ವಿಷಯ. ಜನನ ಪ್ರಮಾಣಪತ್ರದಲ್ಲಿ, ಆಧಾರ್‌ನಲ್ಲಿ, ಶಾಲೆಯ ದಾಖಲಾತಿಯಲ್ಲಿ ಲಿಂಗಕ್ಕೆ ಪ್ರತ್ಯೇಕ ಕಾಲಮ್ ಇರುತ್ತದೆ; ಹೆಸರು ಆ ಕೆಲಸವನ್ನು ಮಾಡಬೇಕಾಗಿಲ್ಲ. 1969ರ ಜನನ-ಮರಣ ನೋಂದಣಿ ಕಾಯ್ದೆಯಂತೆ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು, ನೋಂದಣಿಯಾದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಆದ್ದರಿಂದ ಅವಸರಪಟ್ಟು ಮನೆಯಲ್ಲಿ ಮನಸ್ತಾಪ ಮಾಡಿಕೊಳ್ಳಬೇಡಿ. ಆದರೆ ಒಮ್ಮೆ ಬರೆಸಿದ ಮೇಲೆ ಬದಲಿಸುವುದು ಸುಲಭವಲ್ಲ, ಮತ್ತು 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಹಿಡಿದು ಅನೇಕ ಕೆಲಸಗಳಿಗೆ ಈ ಪ್ರಮಾಣಪತ್ರವೇ ಆಧಾರವಾಗಿರುವುದರಿಂದ, ಕನ್ನಡದಲ್ಲಿ ‘ಕಿರಣ’ವೋ ‘ಕಿರಣಾ’ವೋ ‘ಕಿರಣ್’ವೋ ಎಂಬುದನ್ನು ಮೊದಲೇ ನಿರ್ಧರಿಸಿ ಎಲ್ಲ ಕಡೆಯೂ ಅದನ್ನೇ ಬರೆಸಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಸುಮನ’, ‘ಸುಮನಾ’ ಎರಡೂ ಒಂದೇ ಆಗಿಬಿಡುವುದರಿಂದ ಇಂಥ ಗೊಂದಲವನ್ನು ನಾನು ಶಿಕ್ಷಕಿಯಾಗಿದ್ದಾಗ ಎಷ್ಟೋ ಬಾರಿ ಕಂಡಿದ್ದೇನೆ.

ತೊಂದರೆಯೇ ಇಲ್ಲವೆಂದು ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಕನ್ನಡ ನಮ್ಮನ್ನು ಸುಮ್ಮನೆ ಬಿಡುವ ಭಾಷೆಯಲ್ಲ. ಕೂಸಾಗಿರುವಷ್ಟು ದಿನ ‘ಕೂಸು ಮಲಗೈತಿ’ ಎನ್ನುತ್ತೇವೆ, ಅಲ್ಲಿ ಹೆಣ್ಣೂ ಇಲ್ಲ, ಗಂಡೂ ಇಲ್ಲ. ಮುಂದೆ ದೊಡ್ಡವಳಾಗಿ ನಾಲ್ಕು ಜನರಿಗೆ ಬೇಕಾದವಳಾದಾಗ ‘ಬಂದರು’ ಎಂಬ ಗೌರವದ ಮಾತಿನಲ್ಲಿ ಮತ್ತೆ ಆ ಭೇದ ಅಳಿಯುತ್ತದೆ. ನಡುವಿನ ಶಾಲೆಯ ವರ್ಷಗಳಲ್ಲಿ ಮಾತ್ರ, ಮುಖ ನೋಡದವರು ‘ಕಿರಣ ಬಂದಾನೇನು?’ ಎಂದು ಕೇಳುತ್ತಾರೆ, ಅವಳು ತಿದ್ದಬೇಕಾಗುತ್ತದೆ. ಧಾರವಾಡದ ನನ್ನ ತರಗತಿಯೊಂದರಲ್ಲಿ ಇಬ್ಬರು ಕಿರಣರಿದ್ದರು, ಒಬ್ಬ ಹುಡುಗ, ಒಬ್ಬ ಹುಡುಗಿ. ನಮ್ಮ ಕಡೆ ಅಡ್ಡಹೆಸರು ಇರುವುದರಿಂದ ಹಾಜರಿ ಕರೆಯುವುದು ಕಷ್ಟವಾಗಲಿಲ್ಲ. ಮೊದಲ ವಾರ ಮಕ್ಕಳು ನಕ್ಕರು, ಆಮೇಲೆ ಮರೆತರು. ಆ ಹುಡುಗಿ ಒಮ್ಮೆ ಮಾತ್ರ, ‘ಅಕ್ಕಾರ, ನಮ್ಮಪ್ಪಗ ಗಂಡ ಬೇಕಾಗಿತ್ತಂತ, ಅದಕ್ಕ ಈ ಹೆಸರ ಇಟ್ಟಾರ’ ಎಂದಿದ್ದಳು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದುದರಿಂದ ನೀವಿಬ್ಬರೂ ಕುಳಿತು ಒಂದು ಪ್ರಶ್ನೆ ಕೇಳಿಕೊಳ್ಳಿ: ಮಗ ಹುಟ್ಟಿದ್ದರೆ ಅವನಿಗೆ ‘ಜ್ಯೋತಿ’ ಎಂದೋ ‘ಕೀರ್ತಿ’ ಎಂದೋ ಇಡಲು ನಿಮ್ಮ ಮನಸ್ಸು ಒಪ್ಪುತ್ತಿತ್ತೆ? ಹೆಣ್ಣಿಗೆ ಗಂಡಿನದೆನಿಸುವ ಹೆಸರಿಟ್ಟರೆ ಧೈರ್ಯ, ಗಂಡಿಗೆ ಹೆಣ್ಣಿನದೆನಿಸುವ ಹೆಸರಿಟ್ಟರೆ ಅವಮಾನ ಎಂದು ಬಗೆಯುವವರು ಎರಡಕ್ಕೂ ಹೊಂದುವ ಹೆಸರನ್ನು ಹುಡುಕುತ್ತಿಲ್ಲ, ಗಂಡಿನ ಹೆಸರನ್ನೇ ಹುಡುಕುತ್ತಿದ್ದಾರೆ. ನಿಮ್ಮ ಉತ್ತರ ‘ಒಪ್ಪುತ್ತಿತ್ತು’ ಎಂದಾದರೆ, ಬೆಳಕೆಂಬ ಅರ್ಥಕ್ಕಾಗಿಯೇ ಈ ಹೆಸರನ್ನು ಆರಿಸಿದೆವೆಂದು ಮಗಳಿಗೆ ಮುಂದೆ ಹೇಳುವಂತಾದರೆ, ನಾದಿನಿಯವರನ್ನು ಗದಗಿಗೆ ಕರೆಸಿ ತೊಟ್ಟಿಲ ಕಾರ್ಯ ಮಾಡಿ. ಸೋದರತ್ತೆ ಮನಸಾರೆ ಕಿವಿಯಲ್ಲಿ ಹೇಳುವುದು ಮುಖ್ಯ. ಅವರ ಹಿಂಜರಿಕೆ ಹೋಗಲು ಬೇಕಾದರೆ ಈ ಉತ್ತರವನ್ನು ಓದಿಸಿ.

ಪ್ರಶ್ನೆ: ನನ್ನ ಮಗನ ಹೆಸರು ಚಂದನ. ಶಾಲೆಯ ದಾಖಲಾತಿಯಲ್ಲಿ ‘ಚಂದನಾ, ಹೆಣ್ಣು’ ಎಂದು ಬರೆದಿದ್ದಾರೆ. ಸರಿಪಡಿಸುವುದು ಹೇಗೆ?
ಒಬ್ಬ ಓದುಗರು, ಹಾವೇರಿ

ಉತ್ತರ: ಜನನ ಪ್ರಮಾಣಪತ್ರ ಸರಿಯಾಗಿದ್ದರೆ ಅದರ ಪ್ರತಿಯೊಂದಿಗೆ ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಡಿ. ಪ್ರಮಾಣಪತ್ರದಲ್ಲಿಯೇ ತಪ್ಪಿದ್ದರೆ, ಕಾಯ್ದೆಯ 15ನೆಯ ಕಲಮಿನಂತೆ ನೋಂದಣಾಧಿಕಾರಿಯಿಂದ ಮೊದಲು ಅದನ್ನು ತಿದ್ದಿಸಬೇಕು. ಯಾವುದೇ ಆದರೂ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಮುನ್ನ ಮುಗಿಸಿಕೊಳ್ಳಿ. ಅಂಕಪಟ್ಟಿ ಮುದ್ರಣವಾದ ಮೇಲೆ ಪರೀಕ್ಷಾ ಮಂಡಳಿಯವರೆಗೆ ಓಡಾಡಬೇಕಾಗುತ್ತದೆ.